ಬಸ್ ಡ್ರೈವರನ ಮೇದೋಜೀರಕದ ತುಂಡು

"ಮೈಕೈ ತೊಳ್ಕೊಂಡ್ ಬಾರೇ, ಇಲಿ ಉಚ್ಚೆ ನಾತ ಹೊಡೀತೈತೆ. ದುಡ್ಡು ಕೊಡೋರು ಬರೋ ಹೊತ್ತು," ಎಂದರು ಪ್ರೊಫೆಸರ್ ಎಚೆಗರಾಯ್.

ಐಲಿನ್ ತೊಳೆದುಕೊಂಡು ಬಂದಳು. ಮೇದೋಜೀರಕದ ಕ್ಯಾನ್ಸರಿನ ಹಿಂದೆ ಬಿದ್ದು ಮೂರು ವರ್ಷ ಇಲಿಗಳಿಗೆ ಬಾಣಂತನ ಮಾಡಿದವಳು. ರೊಸಾರಿಯೊ ಊರಿನ ಹೊಳೆಯನ್ನೆಲ್ಲ ಮೈಮೇಲೆ ಸುರಿದರೂ ಆ ನಾತ ಹೋಗುವಂಥದ್ದಲ್ಲ. ಅವಳ ಗುತ್ತಿಗೆ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಎಳೆಯ ವಿಜ್ಞಾನಿಗಳಿಗೆಂದು ಬೆಂಗೊಲೆಯಾ ಎಂಬ ಸಾಹುಕಾರ ವಿಧವೆ ಇದೇ ರೋಗಕ್ಕೆ ಸತ್ತ ಗಂಡನ ಹೆಸರಲ್ಲಿ ಕೊಡುವ ನೆರವು ಸಿಕ್ಕರೆ ಉಳಿಗಾಲ. ಇಲ್ಲದಿದ್ದರೆ ರೋಗಿಗಳ ಗೆಡ್ಡೆಯಿಂದ ಅವಳು ಬೆಳೆಸಿದ ಜೀವಕೋಶಗಳೆಲ್ಲ ಮೋರಿಗೆ.

ಅರ್ಜಿ ಬರೆದವಳು ಅವಳು. ಗೋಡೆಯ ಪೋಸ್ಟರಿನಲ್ಲಿ ಹೆಸರು ಮಾತ್ರ ಪ್ರೊಫೆಸರರ ಅಳಿಯ ಫಕುಂದೊನದು. ಇಲಿ ಕಂಡರೆ ಕುರ್ಚಿ ಹತ್ತುವ ಗಂಡು ಅದು. ಕೇಳಿದ್ದಕ್ಕೆ ಪ್ರೊಫೆಸರ್, ಮುಂದಿನ ತಿಂಗಳು ಅವನಿಗೆ ಮೂವತ್ತೈದು ತುಂಬುತ್ತದೆ, ಎಳೆಯನಾಗಿರಲು ಇದೇ ಕೊನೆಯ ಸಲ, ನಿನಗಿನ್ನೂ ವಯಸ್ಸಿದೆ ಎಂದಿದ್ದರು.

ಹನ್ನೊಂದಕ್ಕೆ ಆಪರೇಷನ್ ಥಿಯೇಟರಿನ ನರ್ಸ್ ಮಾಬೆಲ್ ಐಸ್‌ಕ್ರೀಮಿನ ಥರ್ಮೋಕೋಲ್ ಡಬ್ಬಿ ತಂದಿಟ್ಟಳು. ಈ ಲ್ಯಾಬುಗಳಲ್ಲಿ ಮಾಂಸದ ತುಂಡು ಓಡಾಡುವುದೇ ಅದರಲ್ಲಿ.

"ಬಸ್ ಡ್ರೈವರ್ ಬುಸ್ಟೋಸಂದು ಕಣೇ. ನನ್ಗಂತೂ ಆಗ್ಲಿಲ್ಲ, ಇನ್ನೊಬ್ರಿಗಾದ್ರೂ ಆಗ್ಲಿ ಅಂತ ಸೈನ್ ಹಾಕ್ದ. ಬೇಗ ಮಾಡು, ಐಸು ಚೂರೇ ಇರೋದು."

ಮೇದೋಜೀರಕ ಮಹಾ ಹೊಟ್ಟೆಬಾಕ. ದೇಹದಿಂದ ಹೊರಬಿದ್ದರೆ ತನ್ನ ರಸದಲ್ಲಿ ತನ್ನನ್ನೇ ಅರಗಿಸಿಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಕತ್ತರಿಸಿ ಪೋಷಕ ದ್ರವದಲ್ಲಿ ಇಡದಿದ್ದರೆ ಗಂಜಿ.

ಐಲಿನ್ ಗ್ಲೌಸು ಹಾಕಿಕೊಳ್ಳುತ್ತಿದ್ದಳು. ಪ್ರೊಫೆಸರ್ ಅದನ್ನು ಕಿತ್ತು ಸ್ಯಾಂಡ್‌ವಿಚ್ ತಟ್ಟೆ ಕೊಟ್ಟರು.

"ತಟ್ಟೆ ಕೆಳಗಿಟ್ಟೆ ಅಂದ್ರೆ ಶುಕ್ರವಾರಕ್ಕೆ ನೀನೂ ಆಚೆ, ನಿನ್ ಇಲಿಗಳೂ ಆಚೆ. ಮೊದ್ಲು ಫೋಟೊ."

ಬೆಂಗೊಲೆಯಾ ಅಮ್ಮ ಬಂದಿದ್ದೇ ತಡ, ಫೋಟೊ ತೆಗೆದರು, ತೆಗೆದರು, ಕ್ಯಾಮೆರಾಕ್ಕೇ ವಾಕರಿಕೆ ಬರುವಷ್ಟು ತೆಗೆದರು. ಫಕುಂದೊ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಿಂತ. ಅದರ ದೀಪವೇ ಹತ್ತಿರಲಿಲ್ಲ. ಪ್ರೊಫೆಸರರ ಭಾಷಣ ಕೇಳುವವರ ತಲೆ ನೆರೆಯುವಷ್ಟು ಉದ್ದ. ಐಲಿನ್ ಗಡಿಯಾರ ನೋಡುತ್ತ ತಟ್ಟೆ ಹಿಡಿದು ತಿರುಗಿದಳು. ಹನ್ನೆರಡೂಕಾಲಾಯಿತು.

ಆಗ ಬೆಂಗೊಲೆಯಾ ಅಮ್ಮ ಒಂದು ಸ್ಯಾಂಡ್‌ವಿಚ್ ಕಚ್ಚುತ್ತ, ಈ ರೋಗವನ್ನು ಒಮ್ಮೆ ಕಣ್ಣಾರೆ ತೋರಿಸಪ್ಪಾ ಎಂದು ಫಕುಂದೊನನ್ನು ಕೇಳಿದರು.

ಐಲಿನ್ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಡಬ್ಬಿ ತಂದು ಅದರ ಪಕ್ಕದಲ್ಲೇ ಇಟ್ಟು ಮುಚ್ಚಳ ತೆಗೆದಳು. ಕರಗಿದ ನೀರಿನಲ್ಲಿ ಬೂದು ಲೋಳೆ. ಹುಳಿ ನಾತ ರೂಮು ತುಂಬಿತು.

"ತಗೊಳ್ಳೋ ಬೋಳಿಮಗನೆ, ನಿಂದೇ ಕೆಲ್ಸ ತಾನೆ. ಕತ್ರಿಸಿ ತೋರ್ಸು," ಎಂದು ಕತ್ತರಿಯನ್ನು ಅವನ ಕೈಗೆ ತುರುಕಿದಳು.

ಫಕುಂದೊ ತನ್ನ ಹೆಸರಿನ ಪೋಸ್ಟರಿನ ಕೆಳಗೇ ಕಾರಿಕೊಂಡ. ಪ್ರೊಫೆಸರ್ ಕಾವಲಿನವನನ್ನು ಕೂಗಿದರು. ಅಮ್ಮ ಹಿಂದೆ ಸರಿಯಲಿಲ್ಲ. ಡಬ್ಬಿಯೊಳಗೆ ಬಗ್ಗಿ ನೋಡಿದರು.

"ನನ್ ಗಂಡಂದೂ ಹಿಂಗೇ ಕರಗಿತ್ತಾ?"

"ಇಲ್ಲಮ್ಮಾ. ಇದು ಬೆಳಿಗ್ಗೆ ಗಟ್ಟಿಯಾಗೇ ಇತ್ತು. ನಿಮ್ ಫೋಟೊ ಮುಗೀಲಿ ಅಂತ ಇಟ್ಟಿದ್ವಿ," ಎಂದಳು ಐಲಿನ್.

ಅಮ್ಮ ದವಡೆಯಲ್ಲಿದ್ದ ತುತ್ತನ್ನು ಅಂಗೈಗೆ ಉಗುಳಿ, ಎಲ್ಲಿಡಬೇಕೆಂದು ತಿಳಿಯದೆ, ಹಿಡಿದುಕೊಂಡೇ ನಿಂತರು.