ಹಿಂದಿನ ಪುಟದ ಪಾಠಗಳು

"ಕನ್ನಡ ಅಂದ್ರೆ ಹಿಂದಿ ಥರಾನೇ ಅಲ್ವಾ?" ಎಂದು ಯಾರಾದರೂ ಕೇಳಿದರೆ ರಘುನಾಥನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಹಟ್ಟಿ ಚಿನ್ನದ ಗಣಿಯಲ್ಲಿ ಹನ್ನೆರಡು ವರ್ಷ ದುಡಿದು, ಪರ್ತ್‌ಗೆ ಬಂದು ಮೋರ್ಲಿಯಲ್ಲಿ ಮನೆ ಮಾಡಿದ ಈ ಭೂವಿಜ್ಞಾನಿ, ಹಾಗೆ ಕೇಳಿದವರನ್ನು ಹಿತ್ತಲ ಬಾರ್ಬೆಕ್ಯೂ ಒಲೆಯ ಹೊಗೆಯಲ್ಲೇ ಅರ್ಧ ಗಂಟೆ ನಿಲ್ಲಿಸಿಕೊಂಡು ಸಾವಿರ ವರ್ಷದ ಸಾಹಿತ್ಯ ಚರಿತ್ರೆ ಹೇಳುತ್ತಿದ್ದ. ಸಾಸೇಜು ಕರಕಲಾದರೂ ಬಿಡುತ್ತಿರಲಿಲ್ಲ. ಇಂಥ ಮನುಷ್ಯನೇ 2012ರಲ್ಲಿ ಮೆರಿಚೆಲ್ ಎಂಬ ಹೆಂಗಸಿಗೆ ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳಿಬಿಟ್ಟ. ಅದೂ ಬರವಣಿಗೆಯಲ್ಲಿ.

ಉತ್ತರದ ಕೆಂಪು ನೆಲದ ಗಣಿಯೊಂದರಲ್ಲಿ ಇಬ್ಬರದೂ ಒಂದೇ ಕೆಲಸ, ಒಂದೇ ಮೇಜು, ಒಂದೇ ಕುರ್ಚಿ. ಇವನು ಎರಡು ವಾರ ಗಣಿಯಲ್ಲಿದ್ದರೆ ಅವಳು ಬ್ರಿಸ್ಬೇನಿನ ಫಾರೆಸ್ಟ್ ಲೇಕಿನ ತನ್ನ ಮನೆಯಲ್ಲಿ. ಇವನು ಮೋರ್ಲಿಗೆ ಹೊರಟನೆಂದರೆ ಅವಳು ಗಣಿಗೆ ಬಂದಳೆಂದೇ ಲೆಕ್ಕ. ಅವಳನ್ನು ತಂದಿಳಿಸಿದ ವಿಮಾನವೇ ಇವನನ್ನು ಕರೆದೊಯ್ಯುತ್ತಿತ್ತು. ತಂತಿ ಬೇಲಿಯ ಆಚೆ ಈಚೆ ನಿಂತು ಒಂದು ನಿಮಿಷ ಕೈ ಬೀಸುವುದು, ಅಷ್ಟೇ ಮುಖಪರಿಚಯ. ಮಿಕ್ಕ ಮಾತೆಲ್ಲ ಹ್ಯಾಂಡೋವರ್ ಪುಸ್ತಕದಲ್ಲಿ. ಯಾವ ಬೋರು ಎಷ್ಟು ಮೀಟರ್ ಇಳಿಯಿತು, ಕೊರೆದು ತೆಗೆದ ಕಲ್ಲಿನ ತುಂಡುಗಳು ಯಾವ ಟ್ರೇಯಲ್ಲಿವೆ, ಎಲ್ಲಿ ಜೋಪಾನವಾಗಿರಬೇಕು ಎಂಬುದನ್ನೆಲ್ಲ ಹೋಗುವವರು ಬರುವವರಿಗೆ ಬರೆದಿಟ್ಟು ಹೋಗಬೇಕು.

ಆ ಪುಸ್ತಕದ ಅಂಚಿನಲ್ಲಿ ಅವಳು ಗೀಚಿದ್ದ ಎರಡು ಸಾಲು ಕಂಡು ರಘುನಾಥ "ಇದು ಸ್ಪ್ಯಾನಿಷ್ ಭಾಷೆಯೇ?" ಎಂದು ಬರೆದಿಟ್ಟ. ಎರಡು ವಾರದ ಮೇಲೆ ಉತ್ತರ ಬಂತು: "ಅಲ್ಲ. ಕ್ಯಾಟಲನ್. ಬಾರ್ಸಿಲೋನಾ ಕಡೆಯದು." ಪುಣ್ಯಾತ್ಮ ಅಲ್ಲಿಗೇ ಬಿಡಬಾರದೆ? "ಓಹೋ, ಅದರಲ್ಲಿ ಸಾಹಿತ್ಯವೂ ಇದೆಯೇ?" ಎಂದು ಬರೆದ. ವಿಮಾನ ಹತ್ತಿ ಸೀಟ್ ಬೆಲ್ಟ್ ಬಿಗಿಯುವಾಗ ತಾನೇನು ಕೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ. ಎರಡು ವಾರ ಅವನಿಗೆ ನಾಚಿಕೆಯಲ್ಲಿ ಊಟ ಸೇರಲಿಲ್ಲ.

ಹೋಗಿ ನೋಡಿದರೆ ಅವನ ಪ್ರಶ್ನೆಯ ಕೆಳಗೆ ಎರಡೇ ಪದ: "ಪುಸ್ತಕ ತಿರುಗಿಸು." ತಿರುಗಿಸಿದ. ಕೊನೆಯ ಪುಟದಿಂದ ಹಿಮ್ಮುಖವಾಗಿ, ದುಂಡಗಿನ ಅಕ್ಷರದಲ್ಲಿ ಶುರುವಾಗಿತ್ತು. "ಕಲಿಯುವವರಿಗೆ ಕ್ಯಾಟಲನ್ ಸಾಹಿತ್ಯ ಪರಿಚಯ. ಪಾಠ ಒಂದು." ಅವಳ ಅಜ್ಜಿ ಹೇಳುತ್ತಿದ್ದ ಕಥೆಗಳೆಲ್ಲ "ಇದು ಇತ್ತು, ಇರಲಿಲ್ಲ" ಎಂದೇ ಆರಂಭವಾಗುತ್ತಿದ್ದವಂತೆ. ಹಾಗೆ ಆರಂಭವಾಗುವ ಪುಟ್ಟ ಕಥೆಯೊಂದು, ಇಪ್ಪತ್ತು ಪದಗಳ ಅರ್ಥ, ಕೆಳಗೆ ಹೋಂವರ್ಕ್: ಕಥೆಯನ್ನು ಅನುವಾದಿಸು. ಹತ್ತಕ್ಕೆ ಅಂಕ. ತಡವಾಗಿ ಒಪ್ಪಿಸಿದರೆ ಒಂದು ಅಂಕ ಕಡಿತ.

ಕೇಳಿದ ತಪ್ಪಿಗೆ ಕೂತು ಬರೆದ. ಮಾಡುವುದಾದರೂ ಏನು? ಬಂತು ಹತ್ತಕ್ಕೆ ನಾಲ್ಕು.

ಹೀಗೆ ಬಂದಾಗಲೊಂದು ಪಾಠ. ಸಂತರ ಹಬ್ಬಕ್ಕೆ ಒಂದೊಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಊರವರೆಲ್ಲ ಹಾಡುವ ಪದ್ಯಗಳು ಒಂದು ಸಲ. ಬಂಗಾರದ ಹೂವು, ಬೆಳ್ಳಿ ಹೂವು ಬಹುಮಾನವಾಗಿ ಕೊಟ್ಟರೂ ಪ್ರೇಮಕವಿತೆಗೆ ಮಾತ್ರ ಗಿಡದಿಂದ ಕಿತ್ತ ನಿಜವಾದ ಹೂವನ್ನೇ ಕೊಡುವ ಕವಿಗಳ ಸ್ಪರ್ಧೆ ಇನ್ನೊಂದು ಸಲ. ಆ ದೇಶದ ಸರ್ವಾಧಿಕಾರಿಯ ಕಾಲದಲ್ಲಿ ಶಾಲೆಯಿಂದ ಆ ಭಾಷೆಯನ್ನೇ ಹೊರಗಟ್ಟಿದ್ದು, ಅಜ್ಜಿ ಪುಸ್ತಕಗಳನ್ನು ಹಿಟ್ಟಿನ ಡಬ್ಬದಲ್ಲಿ ಅಡಗಿಸಿಟ್ಟಿದ್ದು, ಮೆರಿಚೆಲ್ ತನ್ನ ತಾಯಿನುಡಿ ಓದಲು ಕಲಿತಿದ್ದು ಹನ್ನೆರಡನೇ ವಯಸ್ಸಿಗೆ ಎಂಬುದು ಮತ್ತೊಂದು ಸಲ. ಎರಡನೇ ವರ್ಷದಿಂದ ಪಾಠದಲ್ಲಿ ಇಂಗ್ಲಿಷ್ ಪೂರಾ ಮಾಯವಾಯಿತು. ಇವನ ಅಂಕ ಮಾತ್ರ ಆರು ದಾಟಲಿಲ್ಲ.

ಮೋರ್ಲಿಯ ಶಾಪಿಂಗ್ ಸೆಂಟರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಡತಿ ಅನುಸೂಯಾಗೆ ಇದೊಂದು ತಮಾಷೆ. ಮುಗಿಯದ ಪಾಠವನ್ನು ಅವನು ನಕಲು ಮಾಡಿಕೊಂಡು ಮನೆಗೂ ತರುತ್ತಿದ್ದ.

"ಏನ್ರೀ, ಆ ಮರಿಚೆಲುವೆ ಹೋಂವರ್ಕ್ ಮುಗೀತಾ? ಅನ್ನ ಆರಿ ತಣ್ಣಗಾಯ್ತು."

"ಮೆರಿಚೆಲ್ ಕಣೇ. ಐವತ್ತು ವರ್ಷದ ಹೆಂಗಸು."

"ನಾನೇನಂದೆ ಈಗ? ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನಂಗೆ ಒಂದು ಕಾಗದ ಬರೆದಿಲ್ಲ, ಅಲ್ಲಿ ಪುಟಗಟ್ಟಲೆ ಬರೀತೀರಿ ಅಂದೆ."

"ಸಿಕ್ಸ್ ಅಗೇನ್, ಅಪ್ಪಾ?" ಎಂದು ಮಗಳು ಪೂರ್ವಿ ನಗುತ್ತಿದ್ದಳು.

2014ರ ಜೂನ್‌ನಲ್ಲಿ ರಘುನಾಥ ಒಂದು ತಪ್ಪು ಮಾಡಿದ. ಹದಿನೇಳನೇ ಬೋರಿನ ಏಳು ಟ್ರೇಗಳನ್ನು ತಲೆಕೆಳಗಾಗಿ ಜೋಡಿಸಿ, ಆಳದ ಕಲ್ಲನ್ನು ಮೇಲಿನದೆಂದು ದಾಖಲಿಸಿ ಮನೆಗೆ ಬಂದಿದ್ದ. ಆ ದಾಖಲೆ ನಂಬಿದ್ದರೆ ಮುಂದಿನ ಬೋರನ್ನು ಎಲ್ಲೋ ಕೊರೆಯುತ್ತಿದ್ದರು. ವಾಪಸು ಹೋದಾಗ ಟ್ರೇಗಳು, ಕಂಪ್ಯೂಟರ್ ಎರಡೂ ಸರಿಯಾಗಿದ್ದವು. ಪುಸ್ತಕದ ಮುಂಭಾಗದಲ್ಲಿ ಅದರ ಸುದ್ದಿಯೇ ಇಲ್ಲ. ಹಿಂದಿನ ಪುಟದಲ್ಲಿ, ಪಾಠದ ನಡುವೆ, ಅವಳ ಭಾಷೆಯಲ್ಲಿ ಹೀಗಿತ್ತು: "17ನೇ ಬೋರು, ಟ್ರೇ 40ರಿಂದ 46 ತಿರುಗುಮುರುಗಾಗಿದ್ದವು. ಸರಿಮಾಡಿದ್ದೇನೆ. ಯಾರಿಗೂ ಹೇಳುವುದಿಲ್ಲ. ನನಗಿರುವುದು ಒಬ್ಬನೇ ಶಿಷ್ಯ." ಅವಳ ಋಣ ಹೇಗೆ ತೀರಿಸುವುದೋ ತಿಳಿಯದೆ ಆ ಸಲದ ಹೋಂವರ್ಕನ್ನು ಮೂರು ಸಲ ತಿದ್ದಿದ. ಆದರೂ ಆರೇ.

2015ರಲ್ಲಿ ಅದಿರಿನ ಬೆಲೆ ನೆಲ ಕಚ್ಚಿತು. ಎರಡು ಹುದ್ದೆ ಒಂದಾಗುತ್ತದೆ, ಇಬ್ಬರಲ್ಲಿ ಒಬ್ಬರು ಮನೆಗೆ ಎಂದು ಕಂಪನಿ ತಿಳಿಸಿತು. ರಘುನಾಥನಿಗೆ ನಲವತ್ತೊಂಬತ್ತು. ಪರ್ತ್‌ನಲ್ಲಿ ಆ ವರ್ಷ ಭೂವಿಜ್ಞಾನಿಗಳು ಟ್ಯಾಕ್ಸಿ ಓಡಿಸುತ್ತಿದ್ದರು. ಪೂರ್ವಿ ಹನ್ನೊಂದನೇ ತರಗತಿಯಲ್ಲಿದ್ದಳು. ಈ ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ತೀರ್ಮಾನ ಮಾಡಬೇಕಾದವರು ಪರ್ತ್ ಕಚೇರಿಯ ಸ್ಟೀಫನ್. ಮಂಗಳೂರಿನವರು, ಕುವೈತ್ ಸುತ್ತಿಕೊಂಡು ಆಸ್ಟ್ರೇಲಿಯಾ ಸೇರಿದವರು. ಹಳೆಯ ಹ್ಯಾಂಡೋವರ್ ಪುಸ್ತಕಗಳನ್ನೆಲ್ಲ ತರಿಸಿಕೊಂಡು ಒಂದು ವಾರ ಓದಿದ್ದರು. ರಘುನಾಥನ ಸರದಿ ಬಂದಾಗ ಒಂದು ಪುಸ್ತಕವನ್ನು ತಿರುಗಿಸಿ ಮುಂದಿಟ್ಟರು.

"ಇದು ಎಂತದು ಮಾರಾಯ್ರೆ? ಅನುವಾದ ಆಗ್ತದಾ ಅಂತ ಫೋನಲ್ಲಿ ಫೋಟೊ ಹಿಡಿದು ನೋಡಿದೆ. ಈ ಕೈಬರಹ ನೋಡಿ ಆ ಯಂತ್ರವೂ ಕೈ ಮುಗೀತು."

"ಸಾಹಿತ್ಯ ಪಾಠ ಸರ್. ಅವ್ರು ಹೇಳ್ಕೊಡ್ತಿದ್ರು, ನಾನು ಕಲೀತಿದ್ದೆ. ಕೆಲಸ ಮುಗಿದ ಮೇಲೆ."

"ಅದು ಸರಿ. ನನ್ನ ಕೊಂಕಣಿಯನ್ನು ಇಷ್ಟು ಆಸೆಯಿಂದ ಒಬ್ಬನೂ ಕಲ್ತದ್ದಿಲ್ಲ. ಆದ್ರೆ ಸಾಹಿತ್ಯದಲ್ಲಿ ಹದಿನೇಳು, ನಲವತ್ತು, ನಲವತ್ತಾರು ಎಂತಕ್ಕೆ?"

ಸ್ಟೀಫನ್ ಬೆರಳಿಟ್ಟಿದ್ದು ಆ ಏಳು ಟ್ರೇಗಳ ಪುಟದ ಮೇಲೆಂದು ರಘುನಾಥನಿಗೆ ತಿಳಿಯಿತು. ಈ ಇಡೀ ಕಚೇರಿಯಲ್ಲಿ ಆ ಸಾಲು ಓದಬಲ್ಲವನು ತಾನೊಬ್ಬನೇ. ಬಾಯಿ ತಾನಾಗಿಯೇ ಆಡಿತು.

"ಪದ್ಯದ ನಂಬರು ಸರ್. ಯಾವ ಪದ್ಯ ಓದ್ಬೇಕು ಅಂತ."

ಸ್ಟೀಫನ್ ಪುಸ್ತಕ ಮುಚ್ಚಿದರು.

"ಆಯ್ತು ಬಿಡಿ. ಮೊನ್ನೆ ಫೋನಲ್ಲಿ ಅವರನ್ನೂ ಕೇಳಿದ್ದೆ. ಅವರೂ ಅದನ್ನೇ ಹೇಳಿದ್ದು, ಪದ್ಯದ ನಂಬರು ಅಂತ. ನಿಮ್ಮ ದಾಖಲೆಯಲ್ಲಿ ಮೂರು ವರ್ಷ ಒಂದು ತಪ್ಪಿಲ್ಲ. ಸೋಮವಾರ ಫೋನ್ ಮಾಡ್ತೇನೆ, ಹೆದರ್ಬೇಡಿ."

ರಘುನಾಥ ಎದ್ದ. ಕೈಕುಲುಕಿದ. ಬಾಗಿಲ ತನಕ ನಡೆದ. ಒಂದೇ ಒಂದು ಮಾತು ಹೇಳಿದ್ದರೆ ಮೆರಿಚೆಲ್‌ಗೆ ಕೆಲಸ ಉಳಿಯುತ್ತಿತ್ತು, ಅವಳು ಹೇಳಿರಲಿಲ್ಲ. ಬಾಗಿಲ ಹಿಡಿ ಹಿಡಿದು ನಿಂತವನಿಗೆ ಪೂರ್ವಿಯ ಶಾಲೆ ನೆನಪಾಯಿತು, ಮೋರ್ಲಿಯ ಮನೆ ನೆನಪಾಯಿತು, ಹಿಟ್ಟಿನ ಡಬ್ಬದಲ್ಲಿ ಪುಸ್ತಕ ಅಡಗಿಸಿದ ಅಜ್ಜಿಯೂ ನೆನಪಾದಳು. ತನ್ನ ಮೇಲೇ ಅಸಹ್ಯವಾಯಿತು. ಹಾಳಾಗಿ ಹೋಗಲಿ ಎಂದುಕೊಂಡು ತಿರುಗಿ ಬಂದು ಕುರ್ಚಿಯಲ್ಲಿ ಕೂತ.

"ಸರ್, ಆ ಪುಸ್ತಕ ಕೊಡಿ. ನಾಲ್ಕು ವಾಕ್ಯ ಬಿಟ್ಬಿಟ್ಟೆ."

ಬೆರಳಿಟ್ಟು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಓದಿ ಹೇಳಿದ. ಸ್ಟೀಫನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಂತ ಜನ ಮಾರಾಯ್ರೆ ನೀವಿಬ್ಬರು! ತಪ್ಪು ಮುಚ್ಚಿಟ್ಟದ್ದಕ್ಕೆ ಅವರಿಗೊಂದು ವಾರ್ನಿಂಗ್ ಕೊಡ್ಲೇಬೇಕು. ಕೆಲಸ ಮಾತ್ರ ಅವರಿಗೇ. ನಿಮಗೆ ಇನ್ನೊಂದು ಸ್ವಿಂಗ್, ಎರಡು ವಾರದ್ದು, ಅಷ್ಟೇ. ನನ್ನನ್ನು ಬೈಬೇಡಿ."

ಮನೆಯಲ್ಲಿ ಅನುಸೂಯಾ ಪಾತ್ರೆ ತೊಳೆಯುತ್ತಲೇ ಪೂರ್ತಿ ಕೇಳಿದಳು. "ಬಾಗಿಲ ತನಕ ಹೋದೋರು ಹಂಗೇ ಮನೆಗೆ ಬರಕ್ಕೇನಾಗಿತ್ತು ನಿಮಗೆ?" ಎಂದಳು. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಕಾಫಿ ತಂದು ಕುಕ್ಕಿ, "ಅಡಿಲೇಡ್‌ನಲ್ಲಿ ಉಷಕ್ಕನ ಗಂಡ ಅದ್ಯಾವುದೋ ಕಲ್ಲು ಜೋಡಿಸೋ ಗೋಡೌನ್ ಕೆಲಸ ಇದೆ ಅಂತಿದ್ದಾರೆ. ಅರ್ಧ ಸಂಬಳ. ಮಾಡ್ಬರಿ ಅನ್ನೋ ಬಡಾವಣೇಲಿ ಅವರ ಮನೆ ಹತ್ರಾನೇ ಬಾಡಿಗೆ ಮನೆ ಸಿಗತ್ತಂತೆ. ಟ್ರೇ ಸರಿಯಾಗಿ ಜೋಡಿಸ್ತೀರೋ ಇಲ್ವೋ?" ಎಂದಳು. ಪೂರ್ವಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು, ಆಮೇಲೆ ಹೊರಬಂದು "ಫೈನ್" ಎಂದಳು.

ಕೊನೆಯ ಸಲ ರಘುನಾಥ ಗಣಿಗೆ ಹೋದ. ವಿಮಾನ ಇಳಿದಾಗ ಬೇಲಿಯಾಚೆ ಮೆರಿಚೆಲ್ ಬ್ಯಾಗು ಹೊತ್ತು ನಿಂತಿದ್ದಳು. ಇವನು ಕೈ ಬೀಸಿದ. ಅವಳು ಬೀಸಲಿಲ್ಲ, ಸುಮ್ಮನೆ ನೋಡಿದಳು. ಸಿಟ್ಟಾಗಿದ್ದಾಳೆ, ಆಗಲೇಬೇಕು, ವಾರ್ನಿಂಗ್ ಕೊಡಿಸಿದವನು ನಾನು, ಮೊದಲು ಸುಳ್ಳು ಹೇಳಿದವನೂ ನಾನೇ ಎಂದುಕೊಂಡು ತಲೆ ತಗ್ಗಿಸಿ ಜೀಪು ಹತ್ತಿದ.

ಮೇಜಿನ ಮೇಲೆ ಪುಸ್ತಕವಿತ್ತು. ಮುಂಭಾಗದಲ್ಲಿ ಎಂದಿನಂತೆ ಬೋರು, ಟ್ರೇ, ಮೀಟರು. ಹೆದರುತ್ತಲೇ ತಿರುಗಿಸಿದ. ಹೊಸ ಪಾಠವಿರಲಿಲ್ಲ, ಹೋಂವರ್ಕೂ ಇರಲಿಲ್ಲ. ಪುಟದ ನಡುವೆ ಕೆಂಪು ಶಾಯಿಯಲ್ಲಿ ಮೂರು ಸಾಲು:

"ಮೌಖಿಕ ಪರೀಕ್ಷೆ. ನಾಲ್ಕು ವಾಕ್ಯಗಳ ಅನುವಾದ, ಸ್ಟೀಫನ್ ಅವರ ಎದುರು.

ತಪ್ಪಿಲ್ಲ. ಹತ್ತಕ್ಕೆ ಒಂಬತ್ತು.

ತಡವಾಗಿ ಒಪ್ಪಿಸಿದ್ದಕ್ಕೆ ಒಂದು ಅಂಕ ಕಡಿತ."