ದಿಂಬಿನ ಚೀಲದ ಕೂದಲು

"ಬಾಯಿ ಬಿಡೇ ಕರಿಮೂತಿ. ಇದು ನಿನ್ನ ತಲೇದಲ್ವಾ?"

ಸೂಪರ್‌ವೈಸರ್ ಎರಡು ಬೆರಳಲ್ಲಿ ಒಂದು ಸುರುಳಿ ಕೂದಲು ಹಿಡಿದುಕೊಂಡಿದ್ದ. ದೊಡ್ಡ ಹೋಟೆಲಿಗೆ ನಾವು ಒಗೆದು ಕಳಿಸಿದ ದಿಂಬಿನ ಚೀಲದಲ್ಲಿ ಸಿಕ್ಕಿತಂತೆ. ಹೋಟೆಲಿನವರು ಇಡೀ ಮೂಟೆಯನ್ನೇ ವಾಪಸು ಕಳಿಸಿದ್ದರು.

ಬಟ್ಟೆ ಕುದಿಸುವ ತೊಟ್ಟಿಯಲ್ಲಿ ಕೆಲಸ ಮಾಡುವ ತೊಟ್ಟಿಯಕ್ಕ ಒದ್ದೆ ಕೈ ಒರೆಸಿಕೊಂಡಳು. "ಮಡಚೋರು ಆ ಕಡೆಯೋರು ಸಾರ್. ನಾನು ತೊಟ್ಟಿ ಬಿಟ್ಟು ಎಲ್ಲಿಗೆ ಹೋಗ್ತೀನಿ?"

"ಎದುರು ಮಾತಾಡ್ತೀಯಾ, ಬೋಳಿಮಗಳೇ. ಇಂಥ ಕುರಿತುಪ್ಪಟ ನಿಮ್ಮ ಜನಕ್ಕಲ್ದೆ ಇನ್ಯಾರಿಗಿದೆ?"

ನಮ್ಮ ಲಾಂಡ್ರಿಯಲ್ಲಿ ಎರಡು ಕಡೆ. ಒದ್ದೆ ಕಡೆ ಕುದಿಯುವ ತೊಟ್ಟಿಗಳು, ಬ್ಲೀಚಿಂಗ್ ಪುಡಿಯ ಘಾಟು. ಅಲ್ಲಿದ್ದವರೆಲ್ಲ ಕಪ್ಪು ಜನ. ಒಣ ಕಡೆ ಇಸ್ತ್ರಿ ಹಾಕುವುದು, ಮಡಚುವುದು. ಅಲ್ಲಿ ಬೆಳ್ಳಗಿನವರು. ಹಾಗಂತ ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ನಡುವಿನ ಬಾಗಿಲು ಸರಕಿನ ಗಾಡಿಗೆ ಮಾತ್ರ. ನಾನು ಆರು ವರ್ಷದಿಂದ ಒಣ ಕಡೆ ದಿಂಬಿನ ಚೀಲ ಮಡಚುತ್ತಿದ್ದೆ.

ಆ ಕೂದಲು ನನ್ನದು.

ನಮ್ಮಮ್ಮ ಕಪ್ಪು ಜನದವಳು. ಬೆಳ್ಳಗಿನ ಅಪ್ಪನ ಬಣ್ಣ ನನಗೆ ಬಂದಿತ್ತು, ಅಮ್ಮನ ಸುರುಳಿ ಕೂದಲೂ ಬಂದಿತ್ತು. ದಿನಾ ಬೆಳಿಗ್ಗೆ ಅಮ್ಮ ನನ್ನನ್ನು ಕೂರಿಸಿಕೊಂಡು, ಕಾದ ಕಬ್ಬಿಣದಲ್ಲಿ ಒಂದೊಂದೇ ಎಳೆ ನೆಟ್ಟಗೆ ಮಾಡಿ, ಬಿಗಿಯಾಗಿ ವಸ್ತ್ರ ಕಟ್ಟುತ್ತಿದ್ದಳು. ಆದರೂ ಇಸ್ತ್ರಿಯ ಹಬೆಗೆ ಒಂದೆರಡು ಎಳೆ ಮತ್ತೆ ಸುರುಳಿಯಾಗಿ ಜಾರುತ್ತಿದ್ದವು. "ನನ್ನ ಥರ ತೊಟ್ಟೀಲಿ ನಿನ್ನ ಕೈ ಬೇಯೋದು ಬೇಡ" ಅನ್ನುತ್ತಿದ್ದಳು ಅಮ್ಮ. ಒಣ ಕಡೆಯವರ ಜೊತೆ ಹೋಗುವಾಗ ಅವಳೇ ಎದುರಾದರೆ ನಾನು ರಸ್ತೆ ದಾಟಿಬಿಡುತ್ತಿದ್ದೆ. ಅವಳೂ ನೋಡದವಳ ಹಾಗೆ ಹೋಗುತ್ತಿದ್ದಳು.

ಸೂಪರ್‌ವೈಸರ್ ನಮ್ಮನ್ನೆಲ್ಲ ಬಾಗಿಲ ಹತ್ತಿರ ಕರೆಸಿದ. ಕತ್ತರಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟ. ಇಸ್ತ್ರಿ ಹಾಕುವ ಈ ಮುದುಕಿಯನ್ನು ಒಣ ಕಡೆ ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದೆವು. ದಿನಾ ಮಧ್ಯಾಹ್ನ ನಾನು ಊಟ ಮಾಡುತ್ತಿದ್ದದ್ದು ಅವಳ ಡಬ್ಬಿಯಲ್ಲೇ.

"ತಲೆ ಬೋಳಿಸು ಇವಳದು. ಆಗಲ್ಲ ಅಂದ್ರೆ ಈಗ್ಲೇ ಗೇಟಿನಾಚೆ ಹೋಗ್ಲಿ."

ತೊಟ್ಟಿಯಕ್ಕ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. ಬ್ಲೀಚಿಂಗ್ ಪುಡಿ ತಿಂದುಹಾಕಿ ಅವಳ ಬೆರಳಲ್ಲಿ ಉಗುರೇ ಉಳಿದಿರಲಿಲ್ಲ. ಬೇರೆ ಕೆಲಸ ಯಾರು ಕೊಡುತ್ತಾರೆ? ಮೊದಲ ಗೊಂಚಲು ಉದುರಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಅಲ್ಲಾಡ್ಬೇಡ ಕಣೇ, ಕಿವಿ ಕುಯ್ದೀತು" ಅಂದಳು ಚಿಕ್ಕಮ್ಮ, ಮಗುವಿಗೆ ಹೇಳುವ ಹಾಗೆ ಮೆತ್ತಗೆ.

ಆ ಮೆತ್ತನೆ ಮಾತನ್ನು ನನ್ನ ಕೈಲಿ ತಡೆಯಲಾಗಲಿಲ್ಲ.

"ಬಿಡು ಚಿಕ್ಕಮ್ಮ. ಆ ಕೂದ್ಲು ನಂದು."

ಸೂಪರ್‌ವೈಸರ್ ನಕ್ಕ. "ನಿಂಗೇನೇ ಬಂತು ರೋಗ?"

ನಾನು ತಲೆವಸ್ತ್ರ ಬಿಚ್ಚಿ ಬಾಗಿಲ ಪಕ್ಕದ ನಲ್ಲಿಯ ಕೆಳಗೆ ತಲೆ ಒಡ್ಡಿದೆ. ನೀರು ತಾಗಿದ್ದೇ ತಡ, ಅಮ್ಮ ಬೆಳಿಗ್ಗೆ ಪಟ್ಟ ಪಾಡೆಲ್ಲ ಹೋಗಿ ಎಳೆ ಎಳೆಯೂ ಸುರುಳಿಯಾಗಿ ಎದ್ದಿತು. "ನಮ್ಮಮ್ಮ ಇವರ ಜನ" ಅಂದೆ.

ಚಿಕ್ಕಮ್ಮ ತನ್ನ ಕೈ ನೋಡಿಕೊಂಡಳು. "ನನ್ನ ಡಬ್ಬೀಲಿ ಕೈ ಹಾಕಿ ತಿಂದ್ಯಲ್ಲೇ" ಅಂದಳು.

"ಹಾಗಾದ್ರೆ ನಿನ್ನ ಜಾಗನೂ ತೊಟ್ಟೀನೇ" ಅಂದ ಸೂಪರ್‌ವೈಸರ್. ತೊಟ್ಟಿಯಕ್ಕನ ಬಕೆಟ್ಟಿಗೆ ಒದ್ದ. "ನೀನೂ ಏಳು. ಕೆಲ್ಸ ನೋಡು."

ಅವಳ ಅರ್ಧ ತಲೆ ಬೋಳಾಗಿತ್ತು. ಎದ್ದವಳು ನೇರ ನನ್ನ ಹತ್ತಿರ ಬಂದಳು.

"ಇಷ್ಟು ವರ್ಷ ಬಾಗಿಲಾಚೆ ನೆರಳಲ್ಲಿ ಕೂತಿದ್ಯಲ್ಲ, ರಂಡೆ. ನಿಮ್ಮಮ್ಮನ ಹೊಟ್ಟೆ ಎಷ್ಟು ಉರಿದಿರ್ಬೇಡ."

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಒಗೆದ ಬಟ್ಟೆಯ ಗಾಡಿಯನ್ನು ತಳ್ಳಿಕೊಂಡು ಹೋಗಿ ಬಾಗಿಲಿಗೆ ಅಡ್ಡ ನಿಲ್ಲಿಸಿ, ಅದರ ಮೇಲೆ ಹತ್ತಿ ಕೂತಳು.

"ಇವನು ಬಂದು ಎಲ್ಲಾರ ಮುಂದೆ ತಪ್ಪಾಯ್ತು ಅನ್ನೋವರೆಗೂ ಒಂದು ಬಟ್ಟೇನೂ ಆ ಕಡೆ ಹೋಗಲ್ಲ."

ತೊಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಬಟ್ಟೆ ತಿರುವುವ ಕೋಲು ಕೆಳಗಿಟ್ಟು ಬಂದರು. ಅವಳು ನನ್ನ ಕಡೆ ನೋಡದೆಯೇ ಪಕ್ಕಕ್ಕೆ ಸರಿದಳು. "ಹತ್ತು. ಕೂತ್ಕೋ."

ಕೂತೆ. ಒದ್ದೆ ಬಟ್ಟೆಯ ತಣ್ಣೀರು ಮೈಗೆ ಇಳಿಯಿತು. ಆಚೆ ಬಟ್ಟೆಯಿಲ್ಲದ ಇಸ್ತ್ರಿ ಯಂತ್ರಗಳು ಸುಮ್ಮನೆ ಕಾಯುತ್ತಿದ್ದವು.

"ಎಳೀರೇ ಆ ಗಾಡೀನ" ಅಂತ ಸೂಪರ್‌ವೈಸರ್ ಒಣ ಕಡೆಯವರ ಮೇಲೆ ಅರಚಿದ. ಯಾರೂ ಕದಲಲಿಲ್ಲ. ಅವನು ಮತ್ತೆ ಅರಚಿದ. ಚಿಕ್ಕಮ್ಮ ಮುಂದೆ ಬಂದು ಗಾಡಿಯ ಹಿಡಿಗೆ ಎರಡೂ ಕೈ ಹಾಕಿದಳು.

ಎಳೆಯಲಿಲ್ಲ. ಕೈ ತೆಗೆಯಲೂ ಇಲ್ಲ. ನನ್ನ ತಲೆಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನೇ ನೋಡುತ್ತ ನಿಂತಳು.