ಹುಳಕ್ಕೆ ಹಿಡಿದ ಕೊಡೆ

"ಅಮ್ಮನದೊಂದು ಫೋಟೋ ಕೊಡು ಅಂದ್ರೆ ಮತ್ತೆ ಹುಳಾನೇ ತೋರಿಸ್ತೀಯಲ್ಲಪ್ಪಾ!" ಮಗಳು ಕಂಪ್ಯೂಟರಿನ ಮುಂದಿನಿಂದ ಎದ್ದೇಬಿಟ್ಟಳು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದವಳು ನರ್ಸಿನ ಬಿಳಿ ಅಂಗಿಯನ್ನೂ ಬದಲಿಸಿರಲಿಲ್ಲ.

ಅವಳ ಸಿಟ್ಟಿನಲ್ಲಿ ತಪ್ಪೇನಿಲ್ಲ. ತಾಯಿ ತೀರಿಕೊಂಡು ವರ್ಷವಾಗುತ್ತ ಬಂದರೂ ಗೋಡೆಗೆ ಹಾಕಲು ಸಿಕ್ಕಿದ್ದು ಗುರುತಿನ ಚೀಟಿಯ ಚಿತ್ರ ಮಾತ್ರ. ಅದರಲ್ಲಿ ಆಕೆ ಕೋಳಿ ಕದ್ದು ಸಿಕ್ಕಿಬಿದ್ದವಳಂತೆ ನೋಡುತ್ತಿದ್ದಳು. ಮದುವೆಯ ಆಲ್ಬಮ್ಮನ್ನು ಎಂದೋ ಗೆದ್ದಲು ತಿಂದಿತ್ತು. ಆ ಗೆದ್ದಲಿನದೂ ಒಂದು ಒಳ್ಳೆಯ ಫೋಟೋ ಅಪ್ಪನ ಬಳಿ ಇತ್ತು. ಮಗಳು ಮೊಬೈಲು ಹಿಡಿದಾಗಲೆಲ್ಲ ತಾಯಿ ಅಂಗೈಯಿಂದ ಮುಖ ಮುಚ್ಚಿಕೊಂಡು, "ಮೊದಲು ನಿಮ್ಮಪ್ಪ ತೆಗೀಲಿ, ಆಮೇಲೆ ನೀನು," ಎನ್ನುತ್ತಿದ್ದಳು.

ಅಪ್ಪನಿಗೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ರಜೆ ಬಂತೆಂದರೆ ಬಸ್ಸಿನ ಕೊನೆಯ ನಿಲ್ದಾಣದಾಚೆಯ ಮಳೆಕಾಡಿಗೆ ಹೋಗಿ ಸಣ್ಣ ಜೀವಿಗಳ ಫೋಟೋ ತೆಗೆಯುವ ಹುಚ್ಚು. ಬೆಳಕು ಮೆತ್ತಗೆ ಬೀಳಲು ಹುಳದ ಮೇಲೊಂದು ಬಿಳಿ ಕೊಡೆ ಹಿಡಿಯಬೇಕು. ಅದು ಹೆಂಡತಿಯ ಪಾಲಿನ ಕೆಲಸ.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನನ್ನ ಹಣೆಬರಹ ನೋಡಿ, ಹಾಡಹಗಲಲ್ಲಿ ಹುಳಕ್ಕೆ ಹಿಡೀತಿದ್ದೀನಿ," ಎಂದು ಗೊಣಗುತ್ತಿದ್ದಳು. ಆದರೆ ಜಿಗಣೆ ಕಾಲು ಹತ್ತಿದರೂ ಕೊಡೆಯನ್ನು ಅಲ್ಲಾಡಿಸುತ್ತಿರಲಿಲ್ಲ.

"ರೀ, ನಂದೂ ಒಂದು ತೆಗೀರಿ."

"ಈ ಲೆನ್ಸಲ್ಲಿ ನಿನ್ನ ಮೂಗಿನ ತುದಿ ಮಾತ್ರ ಬರುತ್ತೆ ಕಣೇ. ಬೇರೆ ಲೆನ್ಸ್ ಹಾಕ್ಬೇಕು. ಮುಂದಿನ ಸಲ."

"ಮೂಗೇ ತೆಗೀರಿ. ಚೆನ್ನಾಗೇ ಇದೆಯಲ್ಲ!"

ಲೆನ್ಸ್ ಬದಲಿಸುವಷ್ಟರಲ್ಲಿ ಹುಳ ಹಾರಿಹೋದೀತೆಂಬ ಚಿಂತೆ ಅವನಿಗೆ. ಆ ಮುಂದಿನ ಸಲ ಬರಲೇ ಇಲ್ಲ.

ಮಗಳು ರೇಗಿದ ವಾರದ ಭಾನುವಾರ ಅವನು ಒಬ್ಬನೇ ಕಾಡಿಗೆ ಹೋದ. ಮಳೆ ನಿಂತಿದ್ದರೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಎಲೆಯ ಮೇಲೆ, ಹಸಿರು ಗಾಜಿನಂತೆ ಬೆನ್ನು ಹೊಳೆಯುವ ಜೀರಂಗಿ ಕೂತಿತ್ತು. ಕೊಡೆಯ ಹಿಡಿಯನ್ನು ಕೆನ್ನೆ, ಭುಜಗಳ ನಡುವೆ ಸಿಕ್ಕಿಸಿಕೊಂಡು ಕ್ಯಾಮೆರಾಕ್ಕೆ ಕಣ್ಣಿಟ್ಟ.

"ಸ್ವಲ್ಪ ಎಡಕ್ಕೆ," ಎಂದ.

ಕೊಡೆ ಎಡಕ್ಕೆ ಸರಿಯಲಿಲ್ಲ. ಅವಳು ಬೇಕು ಅನ್ನಿಸಿತು; ಕೊಡೆ ಹಿಡಿಯಲಿಕ್ಕಲ್ಲ, ಪಕ್ಕದಲ್ಲಿ ನಿಂತು ಜಿಗಣೆಗೂ ಅವನಿಗೂ ಸೇರಿಸಿ ಬೈಯಲಿಕ್ಕೆ.

ಹೇಗೋ ಒಂದು ಫೋಟೋ ತೆಗೆದು ನೋಡಿದ. ಜೀರಂಗಿಯ ಬೆನ್ನಿನ ಮೇಲೆ ಬಿಳಿ ಕೊಡೆಯ ಪ್ರತಿಬಿಂಬ ಬಿದ್ದಿತ್ತು. ಅದರ ಕೆಳಗೆ ಸೊಟ್ಟ ಕುತ್ತಿಗೆಯ ಒಬ್ಬ ಪುಟ್ಟ ಮನುಷ್ಯ. ತಾನೇ! ಹಾಗಾದರೆ ಇಷ್ಟು ವರ್ಷ ಆ ಬೆನ್ನುಗಳ ಮೇಲೆ ಕೊಡೆಯ ಕೆಳಗೆ ಇದ್ದದ್ದು ಅವಳಲ್ಲವೇ? ಹುಳವನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದ.

ಮನೆಯಲ್ಲಿ ಒಂದೊಂದೇ ಚಿತ್ರ ತೆರೆದ. ಎಲ್ಲ ಬೆನ್ನುಗಳೂ ಚೊಕ್ಕಟವಾಗಿದ್ದವು. ಬೆನ್ನಿನ ಮೇಲೆ ಕೊಡೆಯ ಬಿಳಿ ಕಲೆ ಇದ್ದರೆ ಚಿತ್ರ ಕೆಟ್ಟಂತೆ ಎಂದು ಫೋಟೋ ಸಂಘದ ಹಿರಿಯರು ಮೊದಲ ವರ್ಷವೇ ಹೇಳಿದ್ದರು. ಅಂದಿನಿಂದ ಪ್ರತಿ ಚಿತ್ರದಲ್ಲೂ ಕಲೆಯನ್ನು ಅಳಿಸಿ, ಅಳಿಸಿದ್ದನ್ನಷ್ಟೇ ಉಳಿಸಿಕೊಂಡು ಬಂದಿದ್ದ. ಗಾಜು ಉಜ್ಜುವವನ ಕೈ. ಚೂರೂ ಗುರುತು ಬಿಟ್ಟಿರಲಿಲ್ಲ. ತನ್ನ ಕೈಯಾರೆ ಅವಳನ್ನು ಒರೆಸಿ ಹಾಕಿದ್ದ.

ಅವನು ಹೇಳಿದ್ದನ್ನೆಲ್ಲ ಹಿಂದೆ ನಿಂತು ಕೇಳಿದ ಮಗಳು ಈ ಸಲ ರೇಗಲಿಲ್ಲ. "ಸರಿಯಾಗಿ ಬರದೇ ಇದ್ದವನ್ನ ಏನ್ ಮಾಡ್ತಿದ್ದೆ?" ಎಂದಳು.

"ಅವನ್ನೇನು ತಿದ್ದೋದು? ಹಾಗೇ ಒಂದ್ಕಡೆ ತುಂಬಿಟ್ಟಿದ್ದೀನಿ."

ಹೇಳಿದವನೇ ತಿರುಗಿ ಮಗಳ ಮುಖ ನೋಡಿದ.

ಆ ಕಸದ ರಾಶಿಯಲ್ಲಿ ಒಂದು ಸಿಕ್ಕಿತು. ಫೋಕಸ್ ತಪ್ಪಿ ಜೀರಂಗಿಯ ಕಣ್ಣು ಮಸುಕಾಗಿತ್ತು. ಬೆನ್ನು ಮಾತ್ರ ನಿಚ್ಚಳ. ಬಿಳಿ ಕೊಡೆಯ ಕೆಳಗೆ ಅಕ್ಕಿಕಾಳಿನಷ್ಟು ಎತ್ತರದ ಹೆಂಗಸು, ಒಂದು ಪಾದದಿಂದ ಇನ್ನೊಂದು ಕಾಲನ್ನು ಉಜ್ಜಿಕೊಳ್ಳುತ್ತ ನಿಂತಿದ್ದಳು.

"ಇನ್ನೂ ದೊಡ್ಡದು ಮಾಡು. ಮುಖ ನೋಡ್ಬೇಕು."

ದೊಡ್ಡದು ಮಾಡಿದರೆ ಮುಖ ಒಡೆದು ಬರೀ ಬಣ್ಣದ ಚೌಕಗಳಾಯಿತು. ಅವನು ಹಿಂದಕ್ಕೆ ತಂದ. ದಿನವೂ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವಾಗ ಕಿವಿಗೆ ಬೀಳುತ್ತಿದ್ದ ಪ್ರಶ್ನೆಯೇ ಬಾಯಿಗೆ ಬಂತು. "ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ?"

"ಈಗಿರೋದೇ," ಎಂದು ಮಗಳು ಕಣ್ಣೊರೆಸಿಕೊಂಡಳು.

ಗುರುತಿನ ಚೀಟಿಯ ಚಿತ್ರವಿದ್ದ ಮೊಳೆಗೆ ಜೀರಂಗಿ ಬಂತು. ಮುಂದಿನ ವಾರ ಮನೆಗೆ ಬಂದ ನಾದಿನಿ ಬಾಗಿಲಲ್ಲೇ ನಿಂತಳು.

"ಅಕ್ಕನ ಜಾಗದಲ್ಲಿ ಹುಳಾನಾ? ಬುದ್ಧಿ ನೆಟ್ಟಗಿದೆಯಾ ಭಾವ?"

ಅವನು ಚೌಕಟ್ಟಿನ ಪಕ್ಕ ದಾರದಲ್ಲಿ ನೇತುಹಾಕಿದ್ದ ಭೂತಗನ್ನಡಿಯನ್ನು ಅವಳ ಕೈಗಿಟ್ಟ. ಅವಳು ಒಂದು ಕಣ್ಣು ಮುಚ್ಚಿ, ಮೂಗು ತಾಗುವಷ್ಟು ಹತ್ತಿರ ಹೋದಳು. ತುಂಬ ಹೊತ್ತು ಈಚೆಗೆ ಬರಲಿಲ್ಲ.

"ಕೊಡೆ ಹಿಡ್ಕೊಂಡಿದ್ದಾಳೆ," ಎಂದಳು ಮೆಲ್ಲಗೆ.

"ಹೂಂ," ಎಂದ ಅವನು. "ಒಂಚೂರೂ ಅಲ್ಲಾಡಿಸಿಲ್ಲ ನೋಡು."